ಗುರ್ರೆನ್ನುವ ಡಬ್ಬಿ

ವಿಜಯಪುರದ ಜೋರಾಪುರ ಪೇಟೆಯಲ್ಲಿ ಸಾದಿಕ ಮತ್ತು ಅವನ ಹೆಂಡತಿ ಅಬೇದಾ ರಿಪೇರಿ ಅಂಗಡಿ ಇಟ್ಟಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಫ್ಯಾನು, ಮಿಕ್ಸರು, ನೀರೆತ್ತುವ ಮೋಟಾರುಗಳ ಭಾರದ ಕೆಲಸ ಸಾದಿಕನದು. ಟಿ.ವಿ., ಇನ್ವರ್ಟರ್, ಮೈಕ್‌ಸೆಟ್ಟುಗಳ ಒಳಗಿನ ಸಣ್ಣ ಕೆಲಸ ಅಬೇದಾಳದು. ಮದುವೆಗೆ ಮೊದಲು ಅವಳು ಐ.ಟಿ.ಐ.ಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿತಿದ್ದಳು. ಈಗ ಕಣ್ಣಿಗೆ ಕನ್ನಡಕ ಬಂದಿತ್ತು, ಆದರೆ ಬೆಸುಗೆ ಹಾಕುವಾಗ ಕೈ ಅಲುಗುತ್ತಿರಲಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಕಾವ್ಯಾ ಬೆನ್ನಿಗೆ ಗಿಟಾರ್ ಏರಿಸಿಕೊಂಡು ಅಂಗಡಿಗೆ ಬಂದಳು. ಅವಳು ತೊರವಿಯ ಶಾಲೆಯೊಂದರಲ್ಲಿ ಗಣಿತದ ಟೀಚರು. ತವರು ತಿಕೋಟಾ, ದ್ರಾಕ್ಷಿ ಬೆಳೆದು ಒಣಗಿಸಿ ಮಾರುವ ಮನೆತನ. ಶಾಲೆಯ ಮೈಕ್‌ಸೆಟ್ಟು ಕೆಟ್ಟಾಗ ಅಬೇದಾ ಸರಿಮಾಡಿಕೊಟ್ಟಿದ್ದರಿಂದ ಇಬ್ಬರಿಗೂ ಪರಿಚಯವಿತ್ತು. ಕಾವ್ಯಾ ಚೀಲದಿಂದ ಅಂಗೈಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಅದು ಗಿಟಾರಿನ ಪೆಡಲ್. ಗಿಟಾರಿನ ವೈರು ಒಂದು ಬದಿಯಿಂದ ಅದರೊಳಗೆ ಹೋಗುತ್ತದೆ, ಇನ್ನೊಂದು ಬದಿಯಿಂದ ಸ್ಪೀಕರಿಗೆ ಹೊರಡುತ್ತದೆ. ನಡುವೆ ಕಾಲಿನಿಂದ ಒತ್ತಿದರೆ ತಿಳಿಯಾದ ದನಿ ಒಡೆದು, ದಪ್ಪಗಾಗಿ, ಗುರ್ರೆನ್ನುತ್ತದೆ. ಅವಸರದಲ್ಲಿ ಬೇರೆ ಯಾವುದೋ ಅಡಾಪ್ಟರ್ ಚುಚ್ಚಿದ್ದಕ್ಕೆ ಒಳಗಿನಿಂದ ಹೊಗೆ ಬಂದಿತ್ತು.

ಅಬೇದಾ ಬಿಚ್ಚಿ ನೋಡಿದಳು. ಮುಖ್ಯ ಬಿಡಿಭಾಗವೇ ಸುಟ್ಟು ಕರಕಲಾಗಿತ್ತು. ಅದರ ಮೇಲಿನ ನಂಬರನ್ನು ತಯಾರಿಸಿದವರೇ ಕೆರೆದು ಅಳಿಸಿದ್ದರಿಂದ ಬದಲಿ ಯಾವುದೆಂದು ತಿಳಿಯುವಂತಿರಲಿಲ್ಲ. ಇದು ರಿಪೇರಿ ಆಗುವುದಿಲ್ಲ ಎಂದು ಹೇಳಿದಾಗ ಕಾವ್ಯಾಳ ಮುಖ ಇಳಿಯಿತು. ದಸರೆಯ ನಂತರ ತಿಕೋಟಾದಲ್ಲಿ ಅವಳ ಅಜ್ಜ ಬಸಗೊಂಡಪ್ಪ ಮತ್ತು ಅಜ್ಜಿ ರುದ್ರವ್ವನವರ ಮದುವೆಯ ಐವತ್ತನೇ ವರ್ಷದ ಸಂಭ್ರಮವಿತ್ತು. ಅಲ್ಲಿ ಅವಳೂ ಅವಳ ಗೆಳೆಯರಿಬ್ಬರೂ ಸೇರಿ ಹಾಡಿ ನುಡಿಸುವುದೆಂದು ಗೊತ್ತಾಗಿತ್ತು. ಬೇರೆಯದನ್ನು ತರಿಸಿದರಾಯಿತು ಎಂದು ಕಾವ್ಯಾ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಅಬೇದಾಳ ಗಮನ ಮಾತ್ರ ಇನ್ನೂ ಆ ಪೆಟ್ಟಿಗೆಯ ಮೇಲೇ ಇತ್ತು. ಒಳಗೆ ಇರುವುದು ಎಷ್ಟು ಕಡಿಮೆ! ಸಾಮಾನ್ಯ ರೇಡಿಯೊದಲ್ಲಿ ಇದರ ಹತ್ತರಷ್ಟು ಸಾಮಾನು ಇರುತ್ತದೆ. ಇದು ಸರಿಯಾಗಿದ್ದಾಗ ಹೇಗೆ ಕೇಳುತ್ತಿತ್ತು ಎಂದು ಅವಳು ಕೇಳಿದಳು. ಕಾವ್ಯಾ ಅಂಗಡಿಯ ಸ್ಪೀಕರಿಗೆ ಗಿಟಾರ್ ಜೋಡಿಸಿ ತಿಳಿದನಿಯನ್ನು ನುಡಿಸಿದಳು, ಆಮೇಲೆ ಪೆಡಲ್ ಹಾಕಿ ನುಡಿಸಿದ್ದನ್ನು ಮೊಬೈಲಿನಲ್ಲಿ ಕೇಳಿಸಿದಳು. ಅಬೇದಾ ಇನ್ನೊಮ್ಮೆ ಕೇಳಿಸು ಎಂದು ಸನ್ನೆ ಮಾಡಿ, ಕೇಳಿ, ನಕ್ಕುಬಿಟ್ಟಳು.

“ಈ ಗರಗರ ತೆಗದು ಕೊಡ್ರಿ ಅಂತ ಮಂದಿ ಇಷ್ಟ ವರ್ಸ ನನ್ನ ಕಡೆ ಬಂದಾರ. ಗರಗರ ಬೇಕು ಅಂತ ಬಂದಾಕಿ ನೀನ ಮೊದಲು ನೋಡು.”

“ಹಂಗಾರ ಹಾಕಿ ಕೊಡ್ರಿ ಆಪಾ,” ಎಂದಳು ಕಾವ್ಯಾ.

ತಮಾಷೆಗೆ ಆಡಿದ ಮಾತು ಅಷ್ಟಕ್ಕೇ ನಿಲ್ಲಲಿಲ್ಲ. ಮುಂದಿನ ಭಾನುವಾರ ಕಾವ್ಯಾ ಮತ್ತೆ ಬಂದಾಗ ಅಬೇದಾ ಮೊಬೈಲಿನಲ್ಲಿ ಹುಡುಕಿ ಇಂಥ ಪೆಡಲ್ ಕಟ್ಟುವ ಒಂದು ನಕ್ಷೆ ಹಿಡಿದಿದ್ದಳು. ಎರಡು ಟ್ರಾನ್ಸಿಸ್ಟರು, ನಾಲ್ಕಾರು ರೆಸಿಸ್ಟರು, ಕೆಲವು ಕೆಪಾಸಿಟರು. ಹೆಚ್ಚಿನವು ಅವಳ ಡ್ರಾಯರಿನಲ್ಲೇ ಇದ್ದವು. ಕಾಲಿನಿಂದ ಒತ್ತುವ ಗಟ್ಟಿ ಸ್ವಿಚ್ಚು ಮಾತ್ರ ಊರಿನಲ್ಲಿ ಸಿಗಲಿಲ್ಲ, ಅದನ್ನು ಕಾವ್ಯಾ ಕೊರಿಯರಿನಲ್ಲಿ ತರಿಸಿದಳು. ಊರಮಂದಿಯೆಲ್ಲ ಸಪ್ಪಳ ಕಡಿಮೆಯಾಗಲೆಂದು ಬರುತ್ತಿರುವಾಗ ನೀವಿಬ್ಬರೂ ಅಂಗಡಿಯ ಹೆಸರು ಕೆಡಿಸುತ್ತೀರಿ ಎಂದು ಸಾದಿಕ ಮೋಟಾರಿನ ಹಿಂದಿನಿಂದ ಚೇಷ್ಟೆ ಮಾಡಿದ.

ಮೊದಲ ಸಲ ಸಪ್ಪಳವೇ ಬರಲಿಲ್ಲ. ಅಬೇದಾಳ ಬಳಿಯಿದ್ದ ಟ್ರಾನ್ಸಿಸ್ಟರಿನ ಕಾಲುಗಳ ಕ್ರಮ ನಕ್ಷೆಯಲ್ಲಿದ್ದಂತೆ ಇರಲಿಲ್ಲ. ತಿರುಗಿಸಿ ಹಾಕಿದಾಗ ಸಪ್ಪಳ ಬಂತು, ಆದರೆ ಎಂಥದು! ಕಿವಿ ಸೀಳುವ ಕೀಚಲಿಗೆ ಪಕ್ಕದ ಮನೆಯ ಕೋಳಿಗಳು ಗೋಡೆ ಹಾರಿ ಓಡಿದವು. ಒಂದು ಉದ್ದ ವೈರನ್ನು ಕತ್ತರಿಸಿ ಗಿಡ್ಡ ಮಾಡಿದ ಮೇಲೆ ಕೀಚಲು ನಿಂತಿತು. ಮತ್ತೆ ಜೋಡಿಸಿದರು. ಕಾವ್ಯಾ ತಂತಿಯನ್ನು ಮುಟ್ಟುವ ಮೊದಲೇ ಸ್ಪೀಕರಿನಿಂದ ಗಂಡಸೊಬ್ಬ ಮಾತಾಡತೊಡಗಿದ. ದ್ರಾಕ್ಷಿ ಬಳ್ಳಿಯ ಚಾಟಣಿ, ಅಂದರೆ ಕೊಂಬೆ ಸವರುವ ಕೆಲಸ, ಮುಗಿದ ಮೇಲೆ ಬೂಜುರೋಗ ಬಾರದಂತೆ ಔಷಧ ಹೊಡೆಯುವುದು ಹೇಗೆಂದು ಆತ ನಿಧಾನವಾಗಿ ತಿಳಿಸುತ್ತಿದ್ದ. ಕಾವ್ಯಾ ಎರಡೂ ಕೈ ಮೇಲೆತ್ತಿದಳು. ಆತ ನಿಲ್ಲಿಸಲಿಲ್ಲ. ಗಿರಾಕಿ ಬಂದರೆಂದು ಸಾದಿಕ ಗ್ರೀಸಿನ ಕೈ ಒರೆಸಿಕೊಳ್ಳುತ್ತ ಎದ್ದು ಬಂದ.

ತೆರೆದಿಟ್ಟ ವೈರುಗಳೇ ಏರಿಯಲ್ ಆಗಿ ರೇಡಿಯೊ ಹಿಡಿಯುತ್ತಿವೆ ಎಂದು ಅಬೇದಾಳಿಗೆ ತಿಳಿಯಿತು. ಸುತ್ತ ಲೋಹದ ಹೊದಿಕೆ ಬೇಕಿತ್ತು. ಸಾದಿಕನ ಅಭಿಪ್ರಾಯವೇ ಬೇರೆ. “ಹಿಂಗ ಇರ್ಲಿ ಬಿಡು. ಈಕಿ ಮುತ್ಯಾಗ ಹಾಡಿಗಿಂತ ಇದ ಛಲೋ ಅನಸ್ತೈತಿ,” ಎಂದ. ಕಾವ್ಯಾ ನಗುತ್ತ ನಗುತ್ತ ನೆಲಕ್ಕೆ ಕುಳಿತಳು.

ಹೊದಿಕೆಗೆಂದು ಅಬೇದಾ ಅಡುಗೆಮನೆಯಿಂದ ಸ್ಟೀಲ್ ಡಬ್ಬಿ ತಂದಳು. ಸಾದಿಕ ತೂತು ಕೊರೆಯಲು ಕುಳಿತ. ಡ್ರಿಲ್ಲು ಜಾರಿತು, ಡಬ್ಬಿಗೆ ತಗ್ಗು ಬಿತ್ತು, ಮೊನೆ ಮೊಂಡಾಯಿತು. ಅವನು ಎದ್ದು ಒಳಗೆ ಹೋಗಿ ತನ್ನ ಹಳೆಯ ಅಲ್ಯೂಮಿನಿಯಂ ಊಟದ ಡಬ್ಬಿ ಹಿಡಿದು ಬಂದ. ಬೇರೆಯವರ ಕೈಕೆಳಗೆ ಮೋಟಾರಿಗೆ ತಂತಿ ಸುತ್ತಲು ಹೋಗುತ್ತಿದ್ದ ಕಾಲದಲ್ಲಿ ದಿನವೂ ಒಯ್ಯುತ್ತಿದ್ದ ಡಬ್ಬಿ ಅದು. ಬೇಡವೆಂದು ಅಬೇದಾ ತಡೆದಳು. ಈಗ ಮನೆಯಲ್ಲೇ ಬಿಸಿಬಿಸಿ ಉಣ್ಣುತ್ತಿರುವಾಗ ಇದರ ಕೆಲಸವೇನೆಂದು ಅವನು ಕೊರೆಯಲು ಶುರುಮಾಡಿದ. ಡ್ರಿಲ್ಲು ಅಲ್ಯೂಮಿನಿಯಂನಲ್ಲಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು.

ಅಬೇದಾ ಎಲ್ಲವನ್ನೂ ಒಳಗೆ ಕೂರಿಸಿ, ಮೇಲೆ ದನಿ ಹೆಚ್ಚುಕಡಿಮೆ ಮಾಡುವ ಎರಡು ತಿರುಗಣೆ ಹಾಕಿದಳು. ಕಾವ್ಯಾ ಸ್ವಿಚ್ಚು ತುಳಿದು ದಪ್ಪ ತಂತಿಯೊಂದನ್ನು ಮೀಟಿದಳು. ದನಿ ಕೋಣೆ ತುಂಬ ಹಬ್ಬಿತು. ಮಾಡದಲ್ಲಿದ್ದ ಗಾಜಿನ ಗ್ಲಾಸುಗಳು ಸಣ್ಣಗೆ ಕುಣಿದವು. ಕಾವ್ಯಾ ಕಣ್ಣು ಮುಚ್ಚಿ ಇನ್ನೊಂದು ತಂತಿ, ಮತ್ತೊಂದು ತಂತಿ ಮೀಟುತ್ತ ಹೋದಳು. ಅಬೇದಾ ಹತ್ತಿರ ಸರಿದು ಕೇಳಿದಳು. ವರ್ಷಗಟ್ಟಲೆ ಯಾವುದನ್ನು ತಪ್ಪೆಂದು ಹುಡುಕಿ ಹುಡುಕಿ ತೆಗೆದಿದ್ದಳೋ ಅದನ್ನೇ ಈಗ ಬೇಕಾದಷ್ಟು, ಬೇಕಾದ ಹದಕ್ಕೆ ಮಾಡಿದ್ದಳು. ಮರುದಿನ ಯಾರೂ ಕೇಳದಿದ್ದರೂ ಡಬ್ಬಿ ಬಿಚ್ಚಿ ಒಂದು ಕೆಪಾಸಿಟರ್ ಬದಲಿಸಿದಳು. ದನಿ ಇನ್ನಷ್ಟು ತುಂಬಿಕೊಂಡಿತು. ಬೆಳಗಿನ ಚಹಾ ಆರಿಹೋದದ್ದು ಆಮೇಲೆ ಗೊತ್ತಾಯಿತು.

ದಸರೆ ಮುಗಿದ ಮೇಲೆ ಅಬೇದಾ, ಸಾದಿಕ ಇಬ್ಬರೂ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಿಕೋಟಾಕ್ಕೆ ಹೋದರು. ಸಮಾರಂಭ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿತ್ತು. ಸುಗ್ಗಿಯಲ್ಲಿ ಹಣ್ಣು ಹರವುವ ಬಲೆಗಳನ್ನೆಲ್ಲ ಮೇಲೆ ಕಟ್ಟಿ, ಕೆಳಗೆ ಜಮಖಾನೆ ಹಾಸಿದ್ದರು. ಬಸಗೊಂಡಪ್ಪ ತಲೆಗೆ ಹೊಸ ಪಟಗ ಸುತ್ತಿಕೊಂಡು ಬಂದವರನ್ನೆಲ್ಲ ಕರೆದು ಕೂರಿಸುತ್ತಿದ್ದ. ರುದ್ರವ್ವ ಇಳಕಲ್ಲ ಸೀರೆಯಲ್ಲಿ ಎಲ್ಲರ ಮುಖ ನೋಡಿ ನಗುತ್ತಿದ್ದಳು. ಅವಳಿಗೆ ಕಿವಿ ಬಹಳ ಮಂದವಾಗಿತ್ತು.

ಬ್ಯಾಂಕಿನ ನೌಕರ ರಿಜ್ವಾನ ಡ್ರಮ್ಮಿನ ಮುಂದೆ ಕುಳಿತ, ಔಷಧಿ ಅಂಗಡಿಯ ಮುತ್ತು ಹಾಡಿದ, ಕಾವ್ಯಾ ತಿಳಿಯಾಗಿ ನುಡಿಸಿದಳು. ಎರಡು ಹಾಡು ಮುಗಿದಾಗ ರುದ್ರವ್ವ ಪಕ್ಕದವಳ ಕಡೆ ಬಾಗಿ, “ಸುರು ಯಾವಾಗ ಮಾಡ್ತಾರ?” ಎಂದು ಕೇಳಿದಳು. ಸುತ್ತಲಿದ್ದವರು ನಕ್ಕರು, ಅವಳೂ ನಕ್ಕಳು.

ಮೂರನೆಯದಕ್ಕೆ ಕಾವ್ಯಾ ಪೆಡಲ್ ತುಳಿದಳು. ಏನೂ ಇಲ್ಲ. ಇದ್ದ ದನಿಯೂ ಹೋಯಿತು. ಮತ್ತೆ ತುಳಿದಳು, ಅಬೇದಾಳ ಕಡೆ ನೋಡಿದಳು. ಅಬೇದಾ ಎದ್ದು ಹೋಗಿ ಡಬ್ಬಿ ಬಿಚ್ಚಿದಳು. ಬಸ್ಸಿನ ಕುಲುಕಾಟಕ್ಕೆ ಬ್ಯಾಟರಿಯ ವೈರು ಕಿತ್ತುಹೋಗಿತ್ತು. ಅವಳು ವ್ಯಾನಿಟಿ ಬ್ಯಾಗಿನಿಂದ ಬೆಸುಗೆ ಹಾಕುವ ಕಡ್ಡಿ ತೆಗೆದು, ಬೋರಲು ಹಾಕಿದ ದ್ರಾಕ್ಷಿ ಟ್ರೇಯ ಮೇಲೆ ಕೆಲಸಕ್ಕೆ ಕುಳಿತಳು. ಸಭೆಗೆ ಸಭೆಯೇ ಅವಳ ಸುತ್ತ ನೆರೆಯಿತು. ಬಸಗೊಂಡಪ್ಪ ಎಲ್ಲರಿಗಿಂತ ಮುಂದೆ ಬಾಗಿ, ಇದರ ಕೆಲಸವೇನೆಂದು ವಿಚಾರಿಸಿದ. ತಿಳಿಯಾದ ದನಿಯನ್ನು ಒರಟು ಮಾಡುತ್ತದೆ ಎಂದು ಅವಳು ಹೇಳಿದಳು.

“ಛಲೋ ಇದ್ದದ್ದನ್ನ ಯಾಕ ಕೆಡಸ್ತಿ ತಂಗಿ?”

“ಕೆಟ್ಟ ಮ್ಯಾಲ ಹೆಂಗ ಕೇಳ್ತೈತಿ, ನೋಡ್ರಿ ಕಾಕಾ.”

ವೈರು ಕೂಡಿತು. ಕಾವ್ಯಾ ಕಾಲು ಒತ್ತಿ ದಪ್ಪ ತಂತಿಯನ್ನು ಮೀಟಿ, ಅದೇ ಸ್ವರವನ್ನು ಮತ್ತೆ ಮತ್ತೆ ಸುತ್ತಿ ನುಡಿಸಿದಳು. ತಗಡಿನ ಶೆಡ್ಡು ಗುಮ್ಮೆಂದಿತು. ಅಷ್ಟು ಹೊತ್ತು ಎತ್ತಲೋ ನೋಡುತ್ತಿದ್ದ ರುದ್ರವ್ವ ಥಟ್ಟನೆ ತಲೆ ಎತ್ತಿದಳು.

“ಯಾರ ಬೀಸಾಕತ್ತಾರ?” ಎಂದಳು. “ಬೀಸುಕಲ್ಲಿನ ಸಪ್ಪಳ ಬರಾಕತ್ತೈತಿ.”

ಕಾವ್ಯಾ ನುಡಿಸುವುದನ್ನು ಬಿಟ್ಟು ಅಜ್ಜಿಯ ಮುಂದೆ ಮಂಡಿಯೂರಿ, ಅದು ತನ್ನ ಗಿಟಾರೇ ಎಂದು ಕಿವಿಯ ಬಳಿ ಕೂಗಿ ಹೇಳಿದಳು. ರುದ್ರವ್ವ ಮೊಮ್ಮಗಳ ಕೈ ಹಿಡಿದು ತಂತಿಯ ಮೇಲಿಟ್ಟಳು.

“ಹಂಗಾರ ನಿಲ್ಲಸಬ್ಯಾಡ ಬೇ. ನೀ ಬೀಸು, ನಾ ಹಾಡ್ತೀನಿ.”

ಕಾವ್ಯಾ ಮತ್ತೆ ಶುರುಮಾಡಿದಳು. ರುದ್ರವ್ವ ಎಂದೋ ನಸುಕಿನಲ್ಲಿ ಜೋಳ ಬೀಸುತ್ತ ಹಾಡುತ್ತಿದ್ದ ಹಾಡನ್ನು ಎತ್ತಿದಳು. ಮೊದಲ ಸಾಲು ನಡುಗಿತು, ಎರಡನೆಯದು ನೆಟ್ಟಗೆ ನಿಂತಿತು. ಕಾವ್ಯಾ ತಡಕಾಡಿ ಸ್ವರ ಹಿಡಿದಳು. ರಿಜ್ವಾನ ಕೋಲುಗಳನ್ನು ಕೆಳಗಿಟ್ಟು ಬರಿಗೈಯಿಂದ ಮೆಲ್ಲಗೆ ತಾಳ ಹಾಕಿದ. ವಯಸ್ಸಾದ ಹೆಂಗಸರೆಲ್ಲ ದನಿಗೂಡಿಸಿದರು. ಹೆಂಡತಿ ಹಾಡುವುದನ್ನು ಕೇಳದೆ ಎಷ್ಟೋ ವರ್ಷಗಳಾಗಿದ್ದ ಬಸಗೊಂಡಪ್ಪ ಅವಳನ್ನು ನೋಡುತ್ತ ನಿಂತೇ ಇದ್ದ. ಯಾರೋ ಕುರ್ಚಿ ಸರಿಸಿ ಕೊಟ್ಟದ್ದೂ ಅವನಿಗೆ ತಿಳಿಯಲಿಲ್ಲ.

ಹಾಡು ಮುಗಿದಾಗ ರುದ್ರವ್ವ ಅಬೇದಾಳನ್ನು ಕರೆದು ಬಗಲಿಗೆ ಕೂರಿಸಿಕೊಂಡು, ನಿಮ್ಮ ಮನೆಯಲ್ಲಿ ಬೀಸುವಾಗ ಏನು ಹಾಡುತ್ತಿದ್ದರು ಎಂದು ಕೇಳಿದಳು. ಅಬೇದಾ ನಾಚಿದಳು. ಹತ್ತು ಮಂದಿಯ ಮುಂದೆ ಅವಳು ಎಂದೂ ಹಾಡಿರಲಿಲ್ಲ. ಆದರೆ ಅವಳ ನಾನಿ, ತಾಯಿಯ ತಾಯಿ, ಬೀಸುವಾಗ ಹಾಡುತ್ತಿದ್ದ ದಖನಿ ಉರ್ದು ಹಾಡೊಂದರ ನಾಲ್ಕು ಸಾಲು ಬಾಯಲ್ಲೇ ಇದ್ದವು. ಕಾವ್ಯಾ ನುಡಿಸತೊಡಗಿದಳು, ಅಬೇದಾ ಸೆರಗು ಸರಿಮಾಡಿಕೊಂಡು ಹಾಡಿದಳು. ತಾನೇ ಕಟ್ಟಿದ ದನಿಯ ಮೇಲೆ ತನ್ನ ದನಿ ತೇಲಿ ಹೋಗುತ್ತಿರುವುದನ್ನು ಅವಳು ಬೆರಗಿನಿಂದ ಕೇಳಿದಳು. ಮಾತು ಬೇರೆಯಾದರೂ ಕಲ್ಲು ತಿರುಗುವ ಲಯ ಅದೇ ಇತ್ತು. ಹೆಂಗಸರು ತಾಳ ತಪ್ಪದೆ ಚಪ್ಪಾಳೆ ಹಾಕಿದರು. ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಸಾದಿಕ ಕಿವಿಯವರೆಗೂ ನಗುತ್ತಿದ್ದ.

ಆಮೇಲೆ ರುದ್ರವ್ವ ತಾನೂ ಡಬ್ಬಿಯನ್ನು ತುಳಿಯಬೇಕೆಂದು ಹಟ ಹಿಡಿದಳು. ಕಾವ್ಯಾ ತಂತಿ ಮೀಟುತ್ತ ನಿಂತಳು. ಅಬೇದಾ ಅಜ್ಜಿಯ ರಟ್ಟೆ ಹಿಡಿದುಕೊಂಡಳು. ಮುದುಕಿ ಕಾಲುಂಗುರದ ಪಾದವನ್ನು ಮೆಲ್ಲಗೆ ಸ್ವಿಚ್ಚಿನ ಮೇಲಿಟ್ಟು ಒತ್ತಿದಳು. ಗುರ್ರೆಂದಿತು. ಇನ್ನೊಮ್ಮೆ ಒತ್ತಿದಳು, ಗುರ್ರು ನಿಂತಿತು. ಮತ್ತೆ ಒತ್ತಿದಳು. ಪ್ರತಿ ಸಲವೂ ಸಣ್ಣ ಹುಡುಗಿಯಂತೆ ನಕ್ಕಳು. ಅವಳ ಹಿಂದೆ ನಾದಿನಿಯರು, ಸೊಸೆಯಂದಿರು, ಪಕ್ಕದ ತೋಟದವರು ಪಾಳಿ ಹಚ್ಚಿದರು. ಹೋಳಿಗೆ ಬಡಿಸಿ ಆಗಿದೆ, ತುಪ್ಪ ಹೆಪ್ಪುಗಟ್ಟುತ್ತಿದೆ ಎಂದು ಅಡುಗೆಯವರು ಕರೆದರೂ ಪಾಳಿ ಬಿಟ್ಟು ಯಾರೂ ಕದಲಲಿಲ್ಲ. ಬಸಗೊಂಡಪ್ಪ ಪಟಗ ಸರಿಮಾಡಿಕೊಂಡು, ಚಪ್ಪಲಿ ಕಳೆದಿಟ್ಟು, ತನ್ನ ಸರದಿಗಾಗಿ ಕಾಯುತ್ತ ನಿಂತಿದ್ದ.