ನಮ್ಮ ಅಡ್ಡಹೆಸರಿನ ಊರು

ನಮ್ಮ ಅಡ್ಡಹೆಸರು ಬೇರೆ ಯಾರಿಗೂ ಇಲ್ಲವೆಂದು ಅಪ್ಪನಿಗೆ ಎಲ್ಲಿಲ್ಲದ ಜಂಭ. ಅಮ್ಮನ ತವರಿನ ಅಡ್ಡಹೆಸರನ್ನಂತೂ ಮೂವತ್ತು ವರ್ಷದಿಂದ ಆಡಿಕೊಂಡು ನಗುತ್ತಿದ್ದರು. ಕೊನೆಗೊಮ್ಮೆ ನಕಾಶೆಯಲ್ಲಿ ನಮ್ಮ ಹೆಸರಿನದೇ ಊರೊಂದು ಸಿಕ್ಕಿತು. "ನಮ್ಮ ಪೂರ್ವಿಕರೇ ಕಟ್ಟಿಸಿರ್ಬೇಕು" ಎಂದು ನಮ್ಮನ್ನೆಲ್ಲ ಹೊರಡಿಸಿಯೇ ಬಿಟ್ಟರು.

ಅಲ್ಲಿ ಲಾಡ್ಜಿನ ಮ್ಯಾನೇಜರನ್ನು ಎದೆಯುಬ್ಬಿಸಿ ಕೇಳಿದರು: "ಊರಿಗೆ ಈ ಹೆಸರು ಹೇಗೆ ಬಂತು?"

"ಆ ಹೆಸರಿನ ಕಂಟ್ರಾಕ್ಟರ್ ಒಬ್ಬ ಇದ್ದ, ಸಾರ್. ಅವನು ಕಟ್ಟಿದ ಸೇತುವೆ ಮೂರು ಸಲ ಬಿತ್ತು. ಆಮೇಲೆ ಪರಾರಿಯಾದ. ದಿನಾ ಬೈಯೋಕೆ ಅನುಕೂಲ ಆಗ್ಲಿ ಅಂತ ಜನ ಊರಿಗೇ ಅವನ ಹೆಸರಿಟ್ರು. ಅವನ ವಂಶದೋರು ಯಾರಾದ್ರೂ ಕೈಗೆ ಸಿಗ್ತಾರಾ ಅಂತ ಈಗ್ಲೂ ಕಾಯ್ತಿದಾರೆ. ಅಂದ ಹಾಗೆ, ತಮ್ಮ ಹೆಸರು?"

ಮ್ಯಾನೇಜರ್ ರಿಜಿಸ್ಟರನ್ನು ಮುಂದೆ ತಳ್ಳಿದ. ಅಪ್ಪ ಹಣೆಯ ಬೆವರೊರೆಸಿಕೊಂಡು ಸಣ್ಣ ಅಕ್ಷರದಲ್ಲಿ ಅಮ್ಮನ ತವರಿನ ಅಡ್ಡಹೆಸರು ಬರೆದರು.

ಹಿಂದಿನಿಂದ ಅಮ್ಮ ಬಗ್ಗಿ ನೋಡಿದಳು. "ರೀ, ಸ್ವಲ್ಪ ದಪ್ಪ ಅಕ್ಷರದಲ್ಲಿ ಬರೀರಿ."