ಕೂಗು ಎಣಿಸುವ ಡಬ್ಬಿ

ಅರುಣ್ ಕುಮಾರನ ಕೈಗೆ ಸಿಕ್ಕಿದ ಯಾವ ಸಾಮಾನೂ ತನ್ನ ಪಾಡಿಗೆ ತಾನು ಇರುವ ಹಾಗಿರಲಿಲ್ಲ. ವಿಜಯನಗರದ ಆ ಮನೆಯ ಕಾಲಿಂಗ್ ಬೆಲ್ ಒತ್ತಿದರೆ ಒಳಗೆ ಹಸು ಅಂಬಾ ಎನ್ನುತ್ತಿತ್ತು. ಹಳೆಯ ಹೆಲ್ಮೆಟ್ಟೊಂದು ಮೆಟ್ಟಿಲ ಮೇಲೆ ದೀಪವಾಗಿ ನೇತಾಡುತ್ತಿತ್ತು. ಟ್ಯಾಂಕ್ ತುಂಬಿದರೆ ಪೀಣ್ಯದ ಫ್ಯಾಕ್ಟರಿಯಲ್ಲಿ ಕೂತಿರುವ ಅವನ ಮೊಬೈಲಿಗೆ ಮೆಸೇಜು ಹೋಗುತ್ತಿತ್ತು. ಅವನು ಅಲ್ಲಿಂದ ಹೆಂಡತಿ ಮಾನಸಳಿಗೆ ಫೋನ್ ಮಾಡಿ ಮೋಟರ್ ಆರಿಸಲು ಹೇಳುತ್ತಿದ್ದ. ನೀರು ನನ್ನ ತಲೆ ಮೇಲೇ ಸುರೀತಿದೆ, ನನಗೂ ಗೊತ್ತಾಯಿತು ಎಂದು ಅವಳು ಫೋನ್ ಇಡುತ್ತಿದ್ದಳು.

ಕೆಟ್ಟವನಲ್ಲ ಅವನು. ಶನಿವಾರ ಬಂತೆಂದರೆ ಎಸ್.ಪಿ. ರೋಡಿಗೆ ಹೋಗಿ ಪುಟ್ಟ ಪುಟ್ಟ ಬೋರ್ಡು, ವೈರು, ಸ್ಪೀಕರು ಹೊತ್ತು ತರುತ್ತಿದ್ದ, ಎಲ್ಲವನ್ನೂ ಮನೆಯವರ ಅನುಕೂಲಕ್ಕೇ ಜೋಡಿಸುತ್ತಿದ್ದ. ಆ ಅನುಕೂಲ ಬೇಕೇ ಎಂದು ಒಂದು ಮಾತು ಮುಂಚೆ ಕೇಳುವ ಅಭ್ಯಾಸ ಮಾತ್ರ ಇರಲಿಲ್ಲ.

ಅವನ ತಾಯಿ ಪಾಪಮ್ಮನಿಗೆ ಎರಡು ವರ್ಷದಿಂದ ಕಣ್ಣು ಕಾಣುತ್ತಿರಲಿಲ್ಲ. ನರ ಒಣಗಿದೆ, ಇನ್ನು ಬರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಮೂಡಲಪಾಳ್ಯದ ಹೊಲಗಳೆಲ್ಲ ಸೈಟಾಗುವ ಮುಂಚೆ ಹತ್ತಾಳಿಗೆ ಮುದ್ದೆ ತೊಳಸಿ ಬಡಿಸಿದ ಹೆಂಗಸು. ಈಗ ಒಲೆ ಹತ್ತಿರ ಹೋಗಬೇಡಿ ಎಂದರು, ಈಳಿಗೆ ಮುಟ್ಟಬೇಡಿ ಎಂದರು, ಮೊರ ಕೊಟ್ಟರೆ ಅಕ್ಕಿಯ ಜೊತೆ ಕಲ್ಲೂ ಉಳಿಯುತ್ತದೆ ಎಂದು ಅದನ್ನೂ ತೆಗೆದಿಟ್ಟರು. ಕೊನೆಗೆ ಆ ಮನೆಯಲ್ಲಿ ಪಾಪಮ್ಮನಿಗೆ ಉಳಿದದ್ದು ಒಂದೇ ಕೆಲಸ, ಕುಕ್ಕರಿನ ಕೂಗು ಎಣಿಸುವುದು.

ಮಾನಸ ಒಲೆಯ ಮೇಲೆ ಕುಕ್ಕರ್ ಇಟ್ಟು, ಅತ್ತೆ, ಅನ್ನಕ್ಕೆ ಮೂರು ಎಂದು ಹೇಳಿ ಬಟ್ಟೆ ಒಣಹಾಕಲು ಟೆರೇಸಿಗೆ ಹೋಗುತ್ತಿದ್ದಳು. ಹಾಲಿನ ದಿವಾನದ ಮೇಲೆ ಕೂತ ಪಾಪಮ್ಮ ಒಂದೊಂದು ಕೂಗಿಗೆ ಒಂದೊಂದು ಬೆರಳು ಮಡಿಸಿ, ಮೂರನೆಯದಕ್ಕೆ "ಮಾನಸಾ, ಆಯ್ತು ಕಣೇ, ಆರ್ಸು" ಎಂದು ಗಂಟಲು ತೆರೆಯುತ್ತಿದ್ದಳು. ಟೆರೇಸಿಗೆ ಕುಕ್ಕರಿನ ಸದ್ದು ಕೇಳುತ್ತಿರಲಿಲ್ಲ, ಅತ್ತೆಯದು ಕೇಳುತ್ತಿತ್ತು. ಪಕ್ಕದ ಮನೆಯ ಅಡುಗೆಮನೆ ಒಂದು ಮೊಳದ ಆಚೆಗೇ ಇತ್ತು; ಅಲ್ಲಿ ಬಾಡಿಗೆಗಿದ್ದ ಗದಗಿನ ಗುರುದೇವಿಯೂ ಅದೇ ಹೊತ್ತಿಗೆ ಕುಕ್ಕರ್ ಇಡುತ್ತಿದ್ದಳು. ಎರಡೂ ಒಟ್ಟಿಗೆ ಕೂಗಿದರೂ ಪಾಪಮ್ಮ ಬೆರಳು ತಪ್ಪಿಸಿದವಳಲ್ಲ.

ಒಂದು ದಿನ ಮಾತ್ರ, ಮಾತ್ರೆಯ ಮಂಪರಿಗೆ ಸ್ವಲ್ಪ ತೂಕಡಿಸಿದಳು. ಬೇಳೆ ತಳ ಹಿಡಿಯಿತು. ಯಾರೂ ಬೈಯಲಿಲ್ಲ, ಮಾನಸ ಸುಮ್ಮನೆ ಪಾತ್ರೆ ಉಜ್ಜಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಅರುಣನಿಗೆ ಐಡಿಯಾ ಬಂತು.

ಸ್ಟೀಲಿನ ಹಳೇ ಟಿಫನ್ ಡಬ್ಬಿಯೊಳಗೆ ಒಂದು ಮೈಕು, ಒಂದು ಬೋರ್ಡು; ಅಡುಗೆಮನೆಯಲ್ಲೊಂದು ಸ್ಪೀಕರು, ಟೆರೇಸಿನಲ್ಲೊಂದು. ಕೂಗಿನ ಸದ್ದು ಹಿಡಿದು ಎಣಿಸಿ ಹೇಳುವುದು ಅದರ ಕೆಲಸ. ಯಾವ ದನಿಯಲ್ಲಿ ಹೇಳಿಸುವುದು ಎಂದು ಯೋಚಿಸಿದ. ಮೊಬೈಲಿನೊಳಗಿನ ಹೆಂಗಸಿನ ಕನ್ನಡ ಅವನಿಗೆ ಹಿಡಿಸಲಿಲ್ಲ. ತಾಯಿಯ ಬಾಯಿಗೆ ಫೋನ್ ಹಿಡಿದು, ಎಣಿಸಮ್ಮ ಅಂದ. ಯಾಕೋ ಎಂದರೆ, ಸುಮ್ನೆ ಎಂದ. ಪಾಪಮ್ಮ ಫೋಟೋ ತೆಗೆಸಿಕೊಳ್ಳುವವಳ ಹಾಗೆ ಸೆರಗು ಸರಿಮಾಡಿಕೊಂಡು, ಒಂದಾಯ್ತು, ಎರಡಾಯ್ತು, ಮೂರಾಯ್ತು, ಆರ್ಸು ಎಂದು ನಗುನಗುತ್ತಾ ಹೇಳಿಕೊಟ್ಟಳು. ತಾಯಿಯ ದನಿ ಮನೆತುಂಬ ಇರುತ್ತದಲ್ಲ ಎಂದು ಅವನು ನಿಜವಾಗಿಯೂ ಖುಷಿಪಟ್ಟ.

ಮೊದಲ ದಿನ ಪಾಪಮ್ಮ ಮೂರನೆಯ ಬೆರಳು ಮಡಿಸಿ ಬಾಯಿ ತೆರೆದಳು. ಅಷ್ಟರಲ್ಲಿ ಅಡುಗೆಮನೆಯಿಂದ ಅವಳದೇ ದನಿ ಆರ್ಸು ಎಂದಿತು. ಟೆರೇಸಿನಿಂದ ಮಾನಸ ಇಳಿದು ಬಂದಳು. ಪಾಪಮ್ಮ ತೆರೆದ ಬಾಯಿ ಮುಚ್ಚಿದಳು. ಹೇಗಿದೆ ಎಂದು ಮಗ ಕೇಳಿದ್ದಕ್ಕೆ, ನನ್ನ ಹಾಗೇ ಮಾತಾಡುತ್ತದೆ, ಚೆನ್ನಾಗಿದೆ ಕಣಪ್ಪ ಎಂದಳು. ಅವನು ಅದನ್ನು ಹೊಗಳಿಕೆ ಎಂದುಕೊಂಡು ವಿಡಿಯೋ ಮಾಡಿ ಗೆಳೆಯರ ಗುಂಪಿಗೆ ಹಾಕಿದ. ಫ್ಯಾಕ್ಟರಿಯ ಅಭಿನವ್, ನಮ್ಮನೆಗೂ ಒಂದು ಮಾಡಿಕೊಡು ಗುರೂ ಎಂದ. ಅರುಣ್ ಎರಡು ದಿನ ನೆಲದ ಮೇಲೆ ಕಾಲಿಡಲಿಲ್ಲ.

ಆಮೇಲೊಂದು ಬೆಳಿಗ್ಗೆ ಅನ್ನ ಅರೆಬೆಂದು ಬಂತು. ಮೂರು ಕೂಗಿಗೇ ಆರಿಸಿದೆನಲ್ಲ ಎಂದು ಮಾನಸ ಗೊಣಗಿದಳು. ಡಬ್ಬಿ ಹಿಡಿದ ಒಂದೊಂದು ಕೂಗಿಗೂ ಅರುಣನ ಮೊಬೈಲಿನಲ್ಲಿ ಗುರುತು ಬೀಳುತ್ತಿತ್ತು, ತೆಗೆದು ನೋಡಿದ. ಎರಡನೆಯ ಕೂಗಿನ ಬೆನ್ನಿಗೇ, ಉಸಿರು ತೆಗೆಯುವಷ್ಟರಲ್ಲಿ, ಮೂರನೆಯ ಗುರುತು ಬಿದ್ದಿತ್ತು. ನೋಡಿದ ತಕ್ಷಣ ಗೊತ್ತಾಯಿತು. ಅದು ಗುರುದೇವಿಯ ಮನೆಯ ಕುಕ್ಕರು.

ಹೇಳಿಬಿಡಬಹುದಿತ್ತು. ನನ್ನ ಡಬ್ಬಿಗೆ ಅಷ್ಟು ಬುದ್ಧಿ ಇಲ್ಲ ಎಂದು ನಕ್ಕಿದ್ದರೆ ಮುಗಿಯುತ್ತಿತ್ತು. ಹೊಗಳಿಸಿಕೊಂಡ ಬಾಯಿಗೆ ಅದು ಬರಲಿಲ್ಲ. ಹಳೇ ಅಕ್ಕಿ ಇರಬೇಕು, ಬೇಯುವುದು ನಿಧಾನ ಎಂದ. ಶನಿವಾರ ಯಾರಿಗೂ ತಿಳಿಯದ ಹಾಗೆ ಸರಿಮಾಡಿದರಾಯಿತು ಎಂದುಕೊಂಡ. ಪಾಪಮ್ಮ ಅನ್ನದ ಅಗುಳನ್ನು ಬೆರಳಲ್ಲಿ ಹಿಸುಕಿ ನೋಡಿ ಉಂಡಳು. ಒಂದು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಅವನು ಮತ್ತೆ ಅಕ್ಕಿಯನ್ನೇ ಬೈದ.

ಅಷ್ಟರಲ್ಲಿ ಪಾಪಮ್ಮ ಬೆರಳು ಮಡಿಸುವುದನ್ನು ಬಿಟ್ಟಿದ್ದಳು. ಟಿವಿಯ ಸದ್ದು ಜಾಸ್ತಿ ಮಾಡಿಸಿಕೊಂಡಳು. ಬಾಗಿಲಲ್ಲಿ ಹಸು ಅಂಬಾ ಎಂದರೂ, ಬೆಲ್ ಆಯ್ತೇನೇ ಎಂದು ಮಾನಸಳನ್ನು ಕೇಳುತ್ತಿದ್ದಳು. ಹೂವಿನವಳು ಬೀದಿಯಿಂದ ಕರೆದರೆ ಓಗೊಡಲು ಅನುಮಾನಿಸುತ್ತಿದ್ದಳು. ಅರುಣ್ ಇದನ್ನೆಲ್ಲ ನೋಡಿದ, ವಯಸ್ಸು ಎಂದುಕೊಂಡ. ಹಾಗೆಂದುಕೊಳ್ಳುವುದು ಅವನಿಗೆ ಸುಲಭವಾಗಿತ್ತು.

ಶನಿವಾರ ಬೆಳಿಗ್ಗೆ ಅವನು ಡಬ್ಬಿ ಕಳಚಿಕೊಂಡು ಬಂದು ಹಾಲಿನ ನೆಲದ ಮೇಲೆ ಬಿಚ್ಚಿ ಕೂತ. ಪಾಪಮ್ಮ ದಿವಾನದಿಂದ ಬಗ್ಗಿ, ಮಾನಸಳಿಗೆ ಕೇಳಿಸದ ಹಾಗೆ ಸಣ್ಣ ದನಿಯಲ್ಲಿ ಕರೆದಳು.

"ನನ್ ಕಿವಿ ಒಂದ್ಸಲ ಡಾಕ್ಟ್ರಿಗೆ ತೋರಿಸ್ತೀಯೇನಪ್ಪ?"

ಯಾಕೆ, ಏನಾಯಿತು ಎಂದ.

"ನಂಗೆ ಎರಡೇ ಕೇಳ್ಸುತ್ತೆ. ಡಬ್ಬಿ ಮೂರು ಅನ್ನುತ್ತೆ. ಬೇರೆ ಯಾರಾದ್ರೂ ಅಂದಿದ್ರೆ ಜಗಳ ಆಡ್ತಿದ್ದೆ, ನನ್ ದನೀನೇ ಹಂಗಂದ್ರೆ ಏನ್ ಮಾಡ್ಲಿ? ಕಣ್ಣು ಹೋದಾಗ್ಲೂ ಹಿಂಗೇ ಕಣೋ ಶುರುವಾಗಿದ್ದು. ಎದುರಿಗಿರೋದು ಕಾಣ್ತಿರ್ಲಿಲ್ಲ, ನಾನೇ ಸರಿ ಅನ್ಕೊಂಡು ಓಡಾಡ್ತಿದ್ದೆ. ಕಿವಿಯೂ ಹೋದ್ರೆ ನಾನು ಯಾತಕ್ಕೆ ಬಂದೇನು?"

ಅರುಣನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು. ಒಂದು ಸಣ್ಣ ಹೆಮ್ಮೆ ಉಳಿಸಿಕೊಳ್ಳಲು ಅಮ್ಮನನ್ನು ಇಷ್ಟು ದಿನ ಈ ಭಯದಲ್ಲಿ ಕೂರಿಸಿದೆನಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು. ಎದ್ದು ಅವಳ ಪಕ್ಕ ಕೂತ.

"ನಿನ್ ಕಿವಿಗೆ ಏನೂ ಆಗಿಲ್ಲಮ್ಮ. ತಪ್ಪು ಎಣಿಸಿದ್ದು ಡಬ್ಬಿ. ಗುರುದೇವಿ ಅಕ್ಕನ ಮನೆ ಕುಕ್ಕರನ್ನೂ ಸೇರಿಸ್ಕೊಂಡು ಎಣಿಸ್ತು. ನಂಗೆ ಮೊದಲ್ನೇ ಸಲವೇ ಗೊತ್ತಾಯ್ತು. ಬೇಕು ಅಂತಲೇ ಹೇಳ್ಲಿಲ್ಲ."

ಪಾಪಮ್ಮ ತಡಕಾಡಿ ಅವನ ತಲೆ ಹುಡುಕಿ ಸವರಿದಳು.

"ನನ್ ಸಮಾಧಾನಕ್ಕೆ ಹೇಳ್ತಿದೀಯ, ಬಿಡು. ನೀನು ಮಾಡಿದ್ದು ಯಾವತ್ತು ತಪ್ಪಾಗಿದೆ? ಅಕ್ಕಿ ಹಳೇದು ಅಂತ ನೀನೇ ಅಲ್ವಾ ಹೇಳಿದ್ದು?"

ಅವನು ಆಣೆ ಇಟ್ಟ. ಮೊಬೈಲ್ ತೆಗೆದು, ನೋಡಮ್ಮ, ಇಲ್ಲಿ ಗುರುತಿದೆ ಎಂದು ಅವಳ ಮುಖದ ಮುಂದೆ ಹಿಡಿದ. ಹಿಡಿದ ಮೇಲೆ ಏನು ಮಾಡುತ್ತಿದ್ದೇನೆ ಎಂದು ತಿಳಿದು ಕೈ ಇಳಿಸಿದ. ಅಡುಗೆಮನೆಗೆ ಹೋಗಿ ಸ್ಪೀಕರಿನ ವೈರು ಕಿತ್ತ, ಟೆರೇಸಿನದನ್ನೂ ಕಿತ್ತು ತಂದ. ಏನಾಯಿತು ಎಂದು ಕೇಳಿದ ಮಾನಸಳಿಗೂ ಎಲ್ಲ ಹೇಳಿದ. ಅವಳು ಗಂಡನ ಮುಖ ಒಂದು ಸಲ ನೋಡಿ, ಕುಕ್ಕರ್ ಇಟ್ಟು, ಹಾಲಿಗೆ ಬಂದು, ಮೊದಲಿನ ಹಾಗೇ, ಅತ್ತೆ, ಅನ್ನಕ್ಕೆ ಮೂರು ಎಂದು ಹೇಳಿ ಬಟ್ಟೆಯ ಬಕೆಟ್ ಎತ್ತಿಕೊಂಡು ಮೇಲೆ ಹೋದಳು.

ಕುಕ್ಕರ್ ಕೂಗಿತು. ಪಾಪಮ್ಮ ಬೆರಳು ಮಡಿಸಲಿಲ್ಲ, ಮಗನ ಕಡೆಗೆ ಮುಖ ತಿರುಗಿಸಿದಳು.

"ಆಯ್ತೇನೋ ಒಂದು?"

ನೀನೇ ಹೇಳಮ್ಮ ಎಂದ ಅವನು. ಮತ್ತೊಂದು ಕೂಗು ಬಂತು, ಗೋಡೆಯಾಚೆಯಿಂದ ಇನ್ನೊಂದು. ಪಾಪಮ್ಮನ ಬೆರಳು ಅರ್ಧ ಬಾಗಿ ಮತ್ತೆ ನೆಟ್ಟಗಾಯಿತು. ಅವಳು ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬೇಡ ಕಣಪ್ಪ, ಆ ಡಬ್ಬೀನೇ ತಿರ್ಗಾ ಹಾಕ್ಬಿಡು. ನನ್ನ ನಂಬ್ಕೊಂಡು ನೀವು ಊಟ ಕೆಡಿಸ್ಕೋಬೇಡಿ."

ಅರುಣ್ ಎದ್ದು ಹೋಗಿ ಗ್ಯಾಸ್ ಆರಿಸಿದ. ಎಷ್ಟು ಕೂಗಾಗಿತ್ತೋ ಅವನಿಗೂ ಗೊತ್ತಿರಲಿಲ್ಲ.