ಲೇಬಲ್ ಇಲ್ಲದ ಸ್ಟ್ರಾಬೆರಿ

ನಾನು ಒಂದು ಫ್ರೀಜರ್. ಮೇಲಿನಿಂದ ಮುಚ್ಚಳ ಎತ್ತುವ ಉದ್ದನೆಯ ಪೆಟ್ಟಿಗೆ. ಕಾರ್ಖಾನೆಯಲ್ಲಿ ಹೊಟ್ಟೆಗೆ ತಗಡು ಹೊದಿಸಿ, ಬೆನ್ನಿಗೆ ಯಂತ್ರ ಕಟ್ಟಿ ನನ್ನನ್ನು ಲಾರಿ ಹತ್ತಿಸಿದರು. ಮೊದಲು ಸೇರಿದ್ದು ಮಲ್ಪೆಯ ಮೀನಂಗಡಿ. ಅದು ಮುಚ್ಚಿದಾಗ ಮಂಗಳೂರಿನ ವಾರಿಜಕ್ಕ ನನ್ನನ್ನು ತಮ್ಮ ಜ್ಯೂಸ್ ಅಂಗಡಿಗೆ ತಂದರು. ಬಂಗುಡೆಯ ವಾಸನೆ ಹೋಗಲೆಂದು ಲಿಂಬೆಹುಳಿ ಹಾಕಿ ತಿಕ್ಕಿದ್ದೇ ತಿಕ್ಕಿದ್ದು. ನನಗೆ ಸಿಟ್ಟೇ ಬಂದಿತ್ತು.

ವಾರಿಜಕ್ಕ ಭಾರಿ ಚೊಕ್ಕ. ಕೈ ತೊಳೆಯದೆ ನನ್ನನ್ನು ಮುಟ್ಟುತ್ತಿರಲಿಲ್ಲ. ಕರೆಂಟ್ ಹೋಗಿ ಹಣ್ಣು ಕರಗಿದರೆ ಎಸೆಯುತ್ತಿದ್ದರು, ಮತ್ತೆ ಗಟ್ಟಿಯಾಗಲು ಬಿಡುತ್ತಿರಲಿಲ್ಲ. ಆದರೆ ಒಂದು ಚಟವಿತ್ತು. ಕಂಪನಿಯ ಪ್ಯಾಕೆಟ್ ಕತ್ತರಿಸಿ, ಹಣ್ಣನ್ನು ಹಳೆಯ ಐಸ್‌ಕ್ರೀಂ ಡಬ್ಬಗಳಿಗೆ ಸುರಿದು, ಪ್ಯಾಕೆಟನ್ನು ಕಸಕ್ಕೆ ಹಾಕುವುದು. ಖಾಲಿ ಡಬ್ಬ ಎಸೆಯಲು ಯಾರಿಗೂ ಮನಸ್ಸು ಬಾರದ ಊರಿದು. ಮೇಲೆ ವೆನಿಲಾ ಎಂದಿದ್ದರೆ ಒಳಗೆ ಸ್ಟ್ರಾಬೆರಿ, ಪಿಸ್ತಾ ಎಂದಿದ್ದರೆ ಹಲಸಿನ ತೊಳೆ!

ಒಮ್ಮೆ ವಾರಿಜಕ್ಕನ ಮಗಳು ಚಿತ್ರಾಕ್ಷಿ ಗಂಡನ ಮನೆಯಲ್ಲಿ ಸೀಮಂತ ಮುಗಿಸಿ ತವರಿಗೆ ಬಂದಳು. ಸೀಮಂತಕ್ಕೆ ಇಲ್ಲಿ ಬಯಕೆ ಎಂದೇ ಹೆಸರು. ಬಸುರಿ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನುವ ತಾಯಿ ಈ ಕಡೆ ಇಲ್ಲ. ಚಿತ್ರಾಕ್ಷಿ ಕೇಳಿದ್ದು ಸ್ಟ್ರಾಬೆರಿ ಮಿಲ್ಕ್‌ಶೇಕ್. ವಾರಿಜಕ್ಕ ನನ್ನೊಳಗಿಂದ ಹಣ್ಣು ತೆಗೆದು, ಮಿಕ್ಸಿಗೆ ಹಾಕಿ, ಗ್ಲಾಸ್ ತುಂಬಿ ಕೊಟ್ಟರು. ಅಷ್ಟರಲ್ಲಿ ಫೋನ್ ಬಂತು. ಹಣ್ಣು ತಂದುಕೊಡುವ ಐವನ್.

"ವಾರಿಜಕ್ಕ, ಆ ಸ್ಟ್ರಾಬೆರಿ ಯಾರಿಗೂ ಕೊಡ್ಬೇಡಿ. ಕಂಪನಿಯವರು ವಾಪಸ್ ಕೇಳ್ತಿದ್ದಾರೆ, ಅದರಲ್ಲಿ ಎಂತದೋ ಕ್ರಿಮಿ ಉಂಟಂತೆ. ಪ್ಯಾಕೆಟಲ್ಲಿ ಬ್ಯಾಚ್ ನಂಬರ್ ನೋಡಿ."

"ಪ್ಯಾಕೆಟ್ ಎಲ್ಲಿ ಉಂಟು ಮಾರಾಯಾ, ಬಿಸಾಡಿ ಆಯ್ತು! ಐಸಲ್ಲಿ ಕ್ರಿಮಿ ಸಾಯುದಿಲ್ವಾ?"

"ಇಲ್ಲ ಅಕ್ಕ, ನಿದ್ದೆ ಮಾಡ್ತದೆ ಅಷ್ಟೆ. ಬಸುರಿಯರಿಗಂತೂ ಭಾರೀ ಡೇಂಜರ್. ಮಗುವಿಗೇ ಅಪಾಯ ಅಂತೆ."

ಗ್ಲಾಸ್ ಚಿತ್ರಾಕ್ಷಿಯ ತುಟಿಯ ಹತ್ತಿರವಿತ್ತು. ವಾರಿಜಕ್ಕ ಓಡಿಬಂದು ಅದನ್ನು ಕಿತ್ತುಕೊಂಡರು. ಹಾಲು ಇಬ್ಬರ ಸೀರೆಗೂ ಚೆಲ್ಲಿತು.

"ಒಂದು ಗ್ಲಾಸ್ ಕೇಳಿದ್ದಕ್ಕೆ ಹೀಗಾ ಅಮ್ಮಾ?" ಎಂದು ಚಿತ್ರಾಕ್ಷಿ ಅತ್ತುಬಿಟ್ಟಳು. ಪಕ್ಕದ ಹೂವಿನಂಗಡಿಯ ಸೇಸಮ್ಮ ಮೂಗಿನ ಮೇಲೆ ಬೆರಳಿಟ್ಟಳು. "ಬಸುರಿಯ ಕೈಯಿಂದ ಕಿತ್ತುಕೊಳ್ಳುದಾ! ಬಯಕೆ ತಪ್ಪಿಸಿದ್ರೆ ಆಗ್ತದಾ?"

ವಾರಿಜಕ್ಕ ನನ್ನ ಮುಚ್ಚಳ ಎತ್ತಿದರು. ಯಾವ ಡಬ್ಬದ್ದು ಯಾವ ಬ್ಯಾಚೋ ತಿಳಿಯದೆ ಎಲ್ಲ ಹಣ್ಣನ್ನೂ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಎಸೆದರು. ಮಿಕ್ಸಿ, ಚಮಚ, ಮೇಜು ಎಲ್ಲ ತೊಳೆದರು. ನನ್ನ ಪ್ಲಗ್ ಕಿತ್ತು ಬಿಸಿನೀರು, ಸೋಪು ಹಾಕಿ ತಿಕ್ಕಿದರು. ಈ ಸಲ ನನಗೆ ಸಿಟ್ಟು ಬರಲಿಲ್ಲ. ನನ್ನ ಚಳಿಯಲ್ಲಿ ಯಾವ ಕ್ರಿಮಿಯೂ ಬದುಕದು ಎಂದು ಬೀಗುತ್ತಿದ್ದವನು ನಾನು. ಅದನ್ನೇ ಹೊಟ್ಟೆಯಲ್ಲಿಟ್ಟು ಕಾಪಾಡಿದ್ದೆನೇನೋ.

ಆಮೇಲೆ ಹಣ್ಣು ತನ್ನ ಪ್ಯಾಕೆಟಿನಲ್ಲೇ ಉಳಿಯಿತು. ವಾಪಸ್ ಕೇಳಿದ ಮಾಲಿನ ಸುದ್ದಿ ಇದೆಯೇ ಎಂದು ಫೋನಿನಲ್ಲಿ ನೋಡಿಯೇ ವಾರಿಜಕ್ಕ ಅಂಗಡಿ ತೆರೆಯುತ್ತಿದ್ದರು. ಆ ದಿನದ ಹಣ್ಣು ಕೆಟ್ಟದ್ದೇ ಆಗಿತ್ತೋ ಇಲ್ಲವೋ, ಇವತ್ತಿಗೂ ಯಾರಿಗೂ ತಿಳಿಯದು.

ಈಗ ನನ್ನ ಯಂತ್ರ ನಿಂತಿದೆ. ಅಂಗಡಿಯ ಹಿಂದಿನ ಮೂಲೆಯಲ್ಲಿ ಹಳೆಯ ಪೇಪರ್ ತುಂಬಿಕೊಂಡು ಬಿದ್ದಿದ್ದೇನೆ. ರಜೆಗೆ ಬಂದ ಚಿತ್ರಾಕ್ಷಿಯ ಮಗಳು ನನ್ನ ಮುಚ್ಚಳದ ಮೇಲೆ ಕೂತು ಕಾಲಾಡಿಸುತ್ತಾಳೆ. ನಿನ್ನೆ ಅಜ್ಜಿಯನ್ನು ಕೇಳಿದಳು:

"ಅಮ್ಮನ ಕೈಯಿಂದ ಗ್ಲಾಸ್ ಎಳ್ಕೊಂಡ್ರಂತೆ, ಯಾಕಜ್ಜಿ?"

ವಾರಿಜಕ್ಕ ಅವಳ ಕೆದರಿದ ಕೂದಲು ಸರಿಮಾಡಿದರು.

"ನೀನು ಅವಳ ಹೊಟ್ಟೆಯೊಳಗೆ ಇದ್ದಿಯಲ್ಲ ಮಗಾ."